ದೂರು ಕೊಡೋಕೂ ಇಂಗ್ಲಿಷ್ ಬರಬೇಕಾ?

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಮುಗಿದ ದಿನ ನಾವು ನಾಲ್ಕು ಜನ ರೂಮಲ್ಲಿ ಕೂತು ಬಿರಿಯಾನಿ ಆರ್ಡರ್ ಮಾಡಿದ್ವಿ. ಬಂದ ನಾಲ್ಕು ಡಬ್ಬಿಯಲ್ಲಿ ಒಂದು ಕವರ್ ತುಂಬಾ ಚೆಲ್ಲಿ ಹೋಗಿತ್ತು. ಫೋಟೋ ತೆಗೆದು ಆ್ಯಪ್‌ನ ಚಾಟ್‌ಗೆ ಹಾಕಿ, ಇಂಗ್ಲಿಷ್‌ನಲ್ಲಿ ಎರಡು ಖಾರವಾದ ಸಾಲು ಟೈಪ್ ಮಾಡಿದ್ವಿ. ಐದು ನಿಮಿಷಕ್ಕೆ ₹210 ವಾಪಸ್ ಬಂತು. ಜೊತೆಗೆ ಕ್ಷಮೆ ಕೇಳಿ ಒಂದು ಮೆಸೇಜ್ ಬೇರೆ. ನಾವು ದೊಡ್ಡ ಹೋರಾಟ ಗೆದ್ದವರ ಥರ ಉಳಿದ ಮೂರು ಡಬ್ಬಿ ಹಂಚಿಕೊಂಡು ತಿಂದ್ವಿ.

ಅದೇ ವಾರ ಕೆಳಗಿನ ಮನೆಯಲ್ಲಿ ₹13,500 ಮುಳುಗ್ತಾ ಇತ್ತು. ನಮಗೆ ಗೊತ್ತೇ ಇರಲಿಲ್ಲ.

ನಾವಿರೋದು ನಂದಿನಿ ಲೇಔಟ್‌ನಲ್ಲಿ, ಅಣ್ಣಾವ್ರ ಸಮಾಧಿ ಇರೋ ಕಂಠೀರವ ಸ್ಟುಡಿಯೋದಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಮನೆಯ ಮೇಲಿನ ಮಹಡಿಯಲ್ಲಿ. ಕೆಳಗೆ ಓನರ್ ಆಂಟಿ ಇರ್ತಾರೆ. ಗೇಟಿನ ಮೇಲೆ ಒಂದು ಸಣ್ಣ ಬೋರ್ಡು: 'ಇಲ್ಲಿ ಸೀರೆಗೆ ಫಾಲ್ಸ್, ಜಿಗ್‌ಜಾಗ್, ಕುಚ್ಚು ಹಾಕಿ ಕೊಡಲಾಗುವುದು'. ಇಂಥ ಬೋರ್ಡು ನಮ್ಮ ಏರಿಯಾದಲ್ಲಿ ರಸ್ತೆಗೊಂದು ಸಿಗುತ್ತೆ. ಮದುವೆ ಸೀಸನ್ ಬಂದರೆ ಆಂಟಿಗೆ ಊಟ ಮಾಡೋಕೂ ಪುರುಸೊತ್ತಿರಲ್ಲ. ಹಳೇ ಕಾಲಿನ ಮಷೀನ್ ಸಾಕಾಗಲ್ಲ ಅಂತ ಈ ಸಲ ಸೀಸನ್‌ಗೆ ಮುಂಚೆ ಮೋಟಾರ್ ಇರೋ ಹೊಸ ಜಿಗ್‌ಜಾಗ್ ಮಷೀನ್ ತರಿಸಿದ್ರು. ಯೂಟ್ಯೂಬ್‌ನಲ್ಲಿ ಅಚ್ಚ ಕನ್ನಡದಲ್ಲಿ ಜಾಹೀರಾತು ಬಂದಿತ್ತು, ಕೆಳಗಿದ್ದ ಲಿಂಕ್ ಒತ್ತಿ ದುಡ್ಡು ಕಟ್ಟಿದ್ರು. ಮೂರು ವಾರ ಚೆನ್ನಾಗಿ ಓಡಿತು. ಒಂದು ದಿನ ಸುಟ್ಟ ವಾಸನೆ ಬಂದು ಮೋಟಾರ್ ನಿಂತುಹೋಯ್ತು.

ಆಂಟಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರು. ಇಂಗ್ಲಿಷ್‌ಗೆ 1, ಹಿಂದಿಗೆ 2. ಮೂರನೇ ಆಯ್ಕೆ ಇರಲಿಲ್ಲ. ಗೊತ್ತಿರೋ ಅಷ್ಟಿಷ್ಟು ಹಿಂದಿಯಲ್ಲಿ 'ಮಷೀನ್ ಬಂದ್ ಹೋಗಯಾ' ಅಂದ್ರು. ಆ ಕಡೆಯವರು ಪಟಪಟ ಏನೋ ಕೇಳಿದ್ರು, ಆಂಟಿ ಎಲ್ಲದಕ್ಕೂ 'ಹಾಂ' ಅಂದ್ರು. ಮರುದಿನ ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್: ನಿಮ್ಮ ಸಮಸ್ಯೆ ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ? ಆಂಟಿ ಐದು ಸ್ಟಾರ್ ಒತ್ತಿದ್ರು. ಹೀಗೇ ಮೂರು ಸಲ.

'ಯಾಕಾಂಟಿ ಐದು ಕೊಟ್ರಿ?' ಅಂತ ಆಮೇಲೆ ಕೇಳಿದ್ವಿ.

'ಅದೇನು ಬರ್ದಿತ್ತೋ ಯಾರಿಗೆ ಗೊತ್ತಪ್ಪಾ. ಜಾಸ್ತಿ ಕೊಟ್ರೆ ಬೇಗ ಬರ್ತಾರೇನೋ ಅಂದ್ಕೊಂಡೆ' ಅಂದ್ರು.

ನಗು ಬಂತು. ಆಮೇಲೆ ನಾಚಿಕೆ ಆಯ್ತು. ನಾವೆಲ್ಲ ಡೇಟಾ ಅಂದ್ರೆ ಸತ್ಯ ಅಂತ ಕಲೀತಿರೋರು. ಆ ಕಂಪನಿಯ ಡ್ಯಾಶ್‌ಬೋರ್ಡಿನಲ್ಲಿ ನಮ್ಮ ಆಂಟಿ ಮೂರು ಸಲ ದೂರು ಕೊಟ್ಟು, ಮೂರು ಸಲವೂ ಪರಿಹಾರ ಸಿಕ್ಕಿ, ಮೂರು ಸಲವೂ ಐದು ಸ್ಟಾರ್ ಕೊಟ್ಟ ಅತ್ಯಂತ ತೃಪ್ತ ಗ್ರಾಹಕಿ. ಬಿರಿಯಾನಿ ಚೆಲ್ಲಿದ್ದಕ್ಕೆ ರೇಗಾಡಿದ ನಾವು ಅತೃಪ್ತ ಗ್ರಾಹಕರು. ಯಾರಿಗೆ ನಿಜವಾಗಿ ಅನ್ಯಾಯ ಆಯ್ತೋ ಅವರ ದೂರು ದಾಖಲೇ ಆಗಿಲ್ಲ. ಆಂಟಿ ಹಾಗೇ ಬಿಟ್ಟುಬಿಡೋಕೂ ರೆಡಿ ಇದ್ರು. 'ಹೋಗ್ಲಿ ಬಿಡ್ರಪ್ಪಾ, ನಮ್ಮ ಗ್ರಹಚಾರ' ಅಂದು ಹಳೇ ಮಷೀನಿಗೆ ಎಣ್ಣೆ ಬಿಡ್ತಿದ್ರು.

ನಾವು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಗ್ರಾಹಕರ ಹಕ್ಕು ಅನ್ನೋದು ಕಾಗದದ ಮೇಲೆ ಎಲ್ಲರಿಗೂ ಒಂದೇ. ಅದನ್ನು ಬಳಸೋಕೆ ಮಾತ್ರ ಇಂಗ್ಲಿಷೋ ಹಿಂದಿಯೋ ಬರಬೇಕು ಅನ್ನೋ ಹಾಗಾಗಿದೆ. ಇದು ಬದಲಾಗೋ ತನಕ, ಎರಡೂ ಕಡೆ ಓಡಾಡಬಲ್ಲ ನಮ್ಮಂಥವರ ಮೇಲೆ ಒಂದು ಜವಾಬ್ದಾರಿ ಇದೆ. ಅದನ್ನು ನಾವು ಇಲ್ಲೀವರೆಗೂ ಬರೀ ಬಿರಿಯಾನಿಗೆ ಬಳಸಿದ್ದೀವಿ.

ಸರಿ, ಆಂಟಿ ಪರವಾಗಿ ನಾವು ಫೋನ್ ಮಾಡಿದ್ವಿ, ಇಂಗ್ಲಿಷ್‌ನಲ್ಲಿ. ಈಗ ಮರ್ಯಾದೆಯ ಉತ್ತರ ಬಂತು. ಆದರೆ ಉತ್ತರ 'ಇಲ್ಲ' ಅಂತಲೇ. ನೀವು ಮಷೀನನ್ನು ವ್ಯಾಪಾರಕ್ಕೆ ಬಳಸ್ತಿದ್ದೀರಿ, ಹಾಗಾಗಿ ನೀವು ಗ್ರಾಹಕರೇ ಅಲ್ಲ ಅಂದ್ರು. ಒಂದು ನಿಮಿಷ ನಮಗೂ ಹೌದೇನೋ ಅನ್ನಿಸ್ತು. ಆಮೇಲೆ ಕೂತು ಕಾನೂನು ಓದಿದ್ವಿ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ 2019ರ ಹೊಸ ಕಾಯ್ದೆ ಬಂದಿದೆ, 2020ರ ಜುಲೈನಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 2(7)ರಲ್ಲಿ ಗ್ರಾಹಕ ಅಂದರೆ ಯಾರು ಅಂತ ಇದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ, ನಿಜ. ಆದರೆ ಅದರ ಕೆಳಗೇ ವಿವರಣೆ ಇದೆ: ಸ್ವಂತ ದುಡಿಮೆಯಿಂದ ಜೀವನ ನಡೆಸೋಕಷ್ಟೇ ಕೊಂಡು ಬಳಸಿದ ವಸ್ತು ವಾಣಿಜ್ಯ ಉದ್ದೇಶ ಅನ್ನಿಸಿಕೊಳ್ಳಲ್ಲ. ಆನ್‌ಲೈನ್‌ನಲ್ಲಿ ಕೊಂಡಿದ್ದೂ ಖರೀದಿಯೇ ಅಂತಲೂ ಅಲ್ಲೇ ಇದೆ. ಅಂದ್ರೆ ಸೀರೆಗೆ ಜಿಗ್‌ಜಾಗ್ ಹಾಕೋ ನಮ್ಮ ಆಂಟಿ ಕಾನೂನಿನ ಪ್ರಕಾರ ಗ್ರಾಹಕಿಯೇ. ಕಸ್ಟಮರ್ ಕೇರ್‌ನವರು ಹೇಳಿದ್ದು ಅರ್ಧ ಸತ್ಯ. ಇಂಗ್ಲಿಷ್ ಗೊತ್ತಿದ್ದ ನಾವೇ ಅದನ್ನು ನಂಬಿಬಿಡ್ತಿದ್ವಿ, ಇನ್ನು ಆಂಟಿ ಪಾಡೇನು?

ಓದ್ತಾ ಹೋದಂಗೆ ಇನ್ನೂ ಕೆಲವು ವಿಷಯ ಗೊತ್ತಾಯ್ತು. ಕೊಂಡ ವಸ್ತುವಿನ ಬೆಲೆ ₹5 ಲಕ್ಷದೊಳಗಿದ್ರೆ ಗ್ರಾಹಕರ ಆಯೋಗಕ್ಕೆ ಶುಲ್ಕವೇ ಇಲ್ಲ. ₹50 ಲಕ್ಷದ ತನಕ ಜಿಲ್ಲಾ ಆಯೋಗದಲ್ಲೇ ಆಗುತ್ತೆ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಕಂಪನಿಯ ಆಫೀಸ್ ಗುರುಗ್ರಾಮದಲ್ಲಿರಲಿ ಮುಂಬೈಯಲ್ಲಿರಲಿ, ನಾವಿರೋ ಊರಲ್ಲೇ ದೂರು ಹಾಕಬಹುದು. ಎರಡು ವರ್ಷದಿಂದ ಈ ಕ್ಯಾಂಪಸ್‌ನಲ್ಲಿದ್ದೀವಿ, ಓಮ್ಸ್ ಲಾ ಬಾಯಿಪಾಠ ಇದೆ. ಆದರೆ ಈ ಲಾ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಆಯೋಗದ ತನಕ ಹೋಗ್ತಾರಾ ಅಂತ ನೀವು ಕೇಳಬಹುದು. ನಮ್ಮೂರಲ್ಲೇ ಹೋಗಿದ್ದಾರೆ. ನಾಗಸಂದ್ರದ ಐಕಿಯಾಗೆ ನಮ್ಮಲ್ಲಿ ಎಷ್ಟೋ ಜನ ಮೆಟ್ರೋ ಹತ್ತಿ ಹೋಗಿ ಸುಮ್ನೆ ಸುತ್ತಾಡಿ ಬಂದಿದ್ದೀವಿ. 2022ರ ಅಕ್ಟೋಬರ್‌ನಲ್ಲಿ ಅಲ್ಲಿ ಶಾಪಿಂಗ್ ಮಾಡಿದ ಒಬ್ಬ ಮಹಿಳೆಗೆ, ಕಂಪನಿಯ ಲೋಗೋ ಇರೋ ಬ್ಯಾಗಿಗೆ ₹20 ಹಾಕಿದ್ರು. ನಿಮ್ಮ ಜಾಹೀರಾತನ್ನು ನಾನು ದುಡ್ಡು ಕೊಟ್ಟು ಹೊರಬೇಕಾ ಅನ್ನೋದು ಅವರ ಪ್ರಶ್ನೆ. ಒಂದು ವರ್ಷದ ಮೇಲೆ ಬೆಂಗಳೂರಿನ ಆಯೋಗ ಆ ₹20 ಬಡ್ಡಿ ಸಮೇತ ವಾಪಸ್ ಕೊಡಿ, ಪರಿಹಾರ ಮತ್ತು ಖರ್ಚು ಅಂತ ₹3,000 ಕೊಡಿ ಅಂತ ಆದೇಶ ಮಾಡಿತು. ಇನ್ನೊಂದು ಕೇಸಿನಲ್ಲಿ ಸ್ವಿಗ್ಗಿಯಲ್ಲಿ ಆರ್ಡರ್ ಮಾಡಿದ ₹187ರ ಐಸ್‌ಕ್ರೀಮ್ ಬರಲೇ ಇಲ್ಲ, ಆ್ಯಪ್‌ನಲ್ಲಿ ಮಾತ್ರ 'ಡೆಲಿವರ್ಡ್' ಅಂತ ತೋರಿಸಿತು. ನಾವು ಬರೀ ಮಧ್ಯವರ್ತಿ ಅಂತ ಕಂಪನಿ ವಾದ ಮಾಡಿತು. 2024ರಲ್ಲಿ ಆಯೋಗ ಅದನ್ನು ಒಪ್ಪದೆ ₹187ರ ಜೊತೆ ₹5,000 ಕೊಡಿಸಿತು.

ಎಲ್ಲವೂ ಹೀಗೆ ಸುಖವಾಗಿ ಮುಗಿಯುತ್ತೆ ಅಂತ ನಾವು ಹೇಳ್ತಿಲ್ಲ. ಸಿನಿಮಾಗೆ ಮುಂಚೆ 25 ನಿಮಿಷ ಜಾಹೀರಾತು ತೋರಿಸಿ ಟೈಮ್ ಹಾಳು ಮಾಡಿದ್ರು ಅಂತ ಪಿವಿಆರ್ ಐನಾಕ್ಸ್ ವಿರುದ್ಧ ಒಬ್ಬರು ಹೋಗಿದ್ದು ನೆನಪಿರಬಹುದು. 2025ರ ಫೆಬ್ರವರಿಯಲ್ಲಿ ಆಯೋಗ ಪರಿಹಾರದ ಜೊತೆಗೆ ಗ್ರಾಹಕರ ಕಲ್ಯಾಣ ನಿಧಿಗೆ ₹1 ಲಕ್ಷ ಕಟ್ಟಿ ಅಂದಿತ್ತು. ಮುಂದಿನ ತಿಂಗಳೇ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಮೂರರಿಂದ ಐದು ತಿಂಗಳಲ್ಲಿ ಇತ್ಯರ್ಥ ಆಗಬೇಕು ಅಂತ ಕಾಯ್ದೆ ಹೇಳಿದ್ರೂ, ₹20ರ ಬ್ಯಾಗಿಗೆ ಒಂದು ವರ್ಷ ಹಿಡೀತು, ಐಸ್‌ಕ್ರೀಮಿಗೆ ಅದಕ್ಕಿಂತ ಜಾಸ್ತಿ. ಅಷ್ಟು ತಾಳ್ಮೆ ಎಲ್ಲರಿಗೂ ಇರಲ್ಲ. ಆದರೂ ಒಬ್ಬರು ಹೋದ್ರೆ ಆ ದಾರಿ ಉಳಿದವರ ಕಣ್ಣಿಗೂ ಬೀಳುತ್ತೆ ಅನ್ನೋದು ನಮ್ಮ ಅಭಿಪ್ರಾಯ.

ಈಗ ಭಾಷೆಯ ವಿಷಯಕ್ಕೆ ಬರೋಣ. 'ಕನ್ನಡ ಬಿಟ್ಟು ಬೇರೆ ಬಾರದಿರೋದು ಆಂಟಿ ಸಮಸ್ಯೆ, ಕಂಪನಿ ಏನು ಮಾಡುತ್ತೆ' ಅಂತ ನಮ್ಮ ಕ್ಲಾಸಲ್ಲೇ ಒಬ್ಬ ಕೇಳಿದ. ಅವನಿಗೆ ನಾವು ಹೇಳಿದ್ದು ಹುಬ್ಬಳ್ಳಿಯ ಒಂದು ಚೆಕ್‌ನ ಕತೆ.

2020ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ಒಬ್ಬ ಉಪನ್ಯಾಸಕರು ಕರೆಂಟ್ ಬಿಲ್ ಕಟ್ಟೋಕೆ ಹೆಸ್ಕಾಂಗೆ ₹6,000ದ ಚೆಕ್ ಕೊಟ್ಟರು, ಕನ್ನಡದಲ್ಲಿ ಬರೆದು. ತಾರೀಕೂ ಕನ್ನಡ ಅಂಕಿಯಲ್ಲೇ ಇತ್ತು. ಚೆಕ್ ಕ್ಲಿಯರಿಂಗ್‌ಗೆ ಹೋದಾಗ ಎಸ್‌ಬಿಐನ ಹಳಿಯಾಳ ಶಾಖೆಯಲ್ಲಿ ತಿಂಗಳ ಜಾಗದಲ್ಲಿದ್ದ ೯ನ್ನು ೬ ಅಂತ ಓದಿದ್ರು. ಸೆಪ್ಟೆಂಬರ್ ಹೋಗಿ ಜೂನ್ ಆಯ್ತು, ಅವಧಿ ಮುಗಿದ ಚೆಕ್ ಅಂತ ವಾಪಸ್ ಕಳಿಸಿದ್ರು. ಉಪನ್ಯಾಸಕರು ಸುಮ್ಮನಾಗಲಿಲ್ಲ, ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರು. 2022ರಲ್ಲಿ ಆಯೋಗ ಬ್ಯಾಂಕಿಗೆ ಹಾಕಿದ ದಂಡ ₹85,177. ಈ ಕತೆಯಲ್ಲಿ ನಮಗೆ ತುಂಬಾ ಇಷ್ಟವಾಗಿದ್ದು ಏನು ಗೊತ್ತಾ? ಅವರು ಕಲಿಸೋ ವಿಷಯ ಇಂಗ್ಲಿಷ್! ಇಂಗ್ಲಿಷ್ ಬಾರದೆ ಕನ್ನಡದಲ್ಲಿ ಬರೆದವರಲ್ಲ. ಬರೆಯೋದು ತಮ್ಮ ಹಕ್ಕು ಅಂತ ಬರೆದವರು.

ನಾವಿದನ್ನ ಎದೆ ಉಬ್ಬಿಸಿಕೊಂಡು ಹೇಳ್ತಾ ಇದ್ವಿ. ಆಗ ಒಬ್ಬಳು ಬೋರ್ಡಿನ ಮೇಲೆ ೬, ೯ ಎರಡನ್ನೂ ಬರೆದು 'ಯಾವುದು ಯಾವುದು ಹೇಳಿ' ಅಂದ್ಲು. ನಮ್ಮ ನಾಲ್ವರಲ್ಲಿ ಇಬ್ಬರು ತಪ್ಪು ಹೇಳಿದ್ವಿ. ಬ್ಯಾಂಕಿನವರಿಗೆ ₹85,177 ಆದ್ರೆ ನಮಗೆಷ್ಟು ದಂಡ? ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಅನ್ನೋದು ಕಾರಣ ಇರಬಹುದು, ನೆಪ ಅಲ್ಲ.

ಆದರೂ ಪ್ರಶ್ನೆಗೆ ಉತ್ತರ ಸಿಕ್ಕಿತು. ಕರ್ನಾಟಕದಲ್ಲಿ ವ್ಯವಹಾರ ಮಾಡೋರಿಗೆ ಕನ್ನಡ ಓದೋಕೆ ಬರದಿದ್ರೆ ಅದು ಗ್ರಾಹಕರ ತಪ್ಪಲ್ಲ, ಸೇವೆಯಲ್ಲಿನ ಕೊರತೆ. ಆದರೆ ಕಾನೂನೇ ಎಲ್ಲ ಕಡೆ ಹೀಗೆ ಯೋಚಿಸಲ್ಲ. ನೀವು ಕೈಯಲ್ಲಿ ಹಿಡಿದಿರೋ ಬಿಸ್ಕೆಟ್ ಪೊಟ್ಟಣ ತಿರುಗಿಸಿ ನೋಡಿ. ಬೆಲೆ, ತೂಕ, ತಯಾರಾದ ತಿಂಗಳು, ದೂರಿಗೆ ಯಾರನ್ನು ಸಂಪರ್ಕಿಸಬೇಕು, ಈ ವಿವರ ಪೊಟ್ಟಣದ ಮೇಲೆ ಇರಲೇಬೇಕು. ಆದರೆ ಯಾವ ಭಾಷೆಯಲ್ಲಿ? ಪೊಟ್ಟಣದ ವಸ್ತುಗಳ ಬಗ್ಗೆ ಇರೋ 2011ರ ಕೇಂದ್ರ ನಿಯಮದ ಪ್ರಕಾರ ದೇವನಾಗರಿ ಲಿಪಿಯ ಹಿಂದಿ ಅಥವಾ ಇಂಗ್ಲಿಷ್. ಬೇರೆ ಭಾಷೆ ಬೇಕಿದ್ರೆ ಜೊತೆಗೆ ಹಾಕಬಹುದು, ಹಾಕಲೇಬೇಕು ಅಂತಿಲ್ಲ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲಿ ತಯಾರಾಗೋ ವಸ್ತುಗಳ ಮೇಲೆ ಹೆಸರು, ಬಳಸೋ ವಿಧಾನ ಕನ್ನಡದಲ್ಲೂ ಇರಬೇಕು ಅನ್ನುತ್ತೆ. ಹೊರಗಿಂದ ಬಂದಿದ್ದಕ್ಕೆ ಅದು ತಾಕಲ್ಲ. ಆಂಟಿಯ ಮಷೀನ್ ಜೊತೆ ಬಂದ ಪುಸ್ತಕದಲ್ಲೂ ಒಂದಕ್ಷರ ಕನ್ನಡ ಇರಲಿಲ್ಲ. ಒಂದೇ ಸಮನೆ ಎಷ್ಟು ಹೊತ್ತು ಓಡಿಸಬಹುದು ಅಂತ ಅದರ ಒಂದು ಮೂಲೆಯಲ್ಲಿ ಇಂಗ್ಲಿಷ್‌ನಲ್ಲಿ ಇತ್ತು. ಓದೋಕೆ ಬಾರದ ಎಚ್ಚರಿಕೆಯನ್ನು ಎಚ್ಚರಿಕೆ ಅಂತ ಕರೆಯೋದು ಹೇಗೆ?

ಇಷ್ಟೊಂದು ಭಾಷೆ ಇರೋ ದೇಶದಲ್ಲಿ ಎಲ್ಲದರಲ್ಲೂ ಸೇವೆ ಕೊಡೋಕೆ ಆಗುತ್ತಾ ಅನ್ನೋದು ಮುಂದಿನ ವಾದ. ಮಾರೋಕೆ ಆಗುತ್ತಲ್ಲ? 2020ರಲ್ಲೇ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ಖರೀದಿ ಮಾಡೋ ಹಾಗೆ ಮಾಡಿದವು. ಆಂಟಿ ನೋಡಿದ ಜಾಹೀರಾತು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಿತ್ತು! ದುಡ್ಡು ತಗೊಳ್ಳುವಾಗ ಬರೋ ಕನ್ನಡ ದೂರು ಕೇಳುವಾಗ ಎಲ್ಲಿ ಹೋಗುತ್ತೆ? ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕನ್ನಡವೂ ಸೇರಿ 17 ಭಾಷೆಯಲ್ಲಿ ಕೆಲಸ ಮಾಡುತ್ತೆ. ಸರ್ಕಾರಿ ಫೋನ್ ನಂಬರಿಗೆ ಸಾಧ್ಯ ಆದದ್ದು ಕೋಟಿಗಟ್ಟಲೆ ಬಂಡವಾಳ ಎತ್ತೋ ಕಂಪನಿಗಳಿಗೆ ಕಷ್ಟ ಅಂದ್ರೆ ನಂಬೋದು ಹೇಗೆ?

ಇದು ನಮ್ಮ ಬ್ರಾಂಚಿಗೂ ಸಂಬಂಧಪಟ್ಟ ವಿಷಯ. 2023ರ ನವೆಂಬರ್ 30ಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 'ಡಾರ್ಕ್ ಪ್ಯಾಟರ್ನ್' ತಡೆಯೋಕೆ ಮಾರ್ಗಸೂಚಿ ಹೊರಡಿಸಿತು. ಆ್ಯಪ್, ವೆಬ್‌ಸೈಟ್‌ಗಳ ವಿನ್ಯಾಸದಲ್ಲೇ ಅಡಗಿರೋ 13 ಥರದ ಮೋಸಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ನಾವು ಹಾಕದೇ ಇದ್ದಿದ್ದು ಕಾರ್ಟ್‌ನಲ್ಲಿ ಸೇರಿಕೊಂಡಿರೋದು, ಕೊನೇ ಸ್ಕ್ರೀನಿನಲ್ಲಿ ಬೆಲೆ ಏರೋದು, 'ಎರಡೇ ಪೀಸ್ ಉಳಿದಿದೆ' ಅಂತ ಸುಳ್ಳು ಆತುರ ಹುಟ್ಟಿಸೋದು, ಸಬ್‌ಸ್ಕ್ರಿಪ್ಷನ್ ನಿಲ್ಲಿಸೋಕೆ ಬಿಡದೆ ಸುತ್ತಿಸೋದು. ಇದನ್ನೆಲ್ಲ ನಾವು ದಿನಾ ನೋಡ್ತೀವಿ, ಮೀಮ್ ಮಾಡಿ ನಗ್ತೀವಿ. ಆದರೆ ಆಂಟಿಗೆ ಆಗಿದ್ದು ಆ 13ರಲ್ಲಿ ಇಲ್ಲ. ಜನರ ಭಾಷೆಯಲ್ಲಿ ಮಾರಿ, ಅವರಿಗೆ ಬಾರದ ಭಾಷೆಯಲ್ಲಿ ದೂರು ಕೇಳೋದನ್ನ 14ನೆಯದಾಗಿ ಸೇರಿಸಬೇಕು ಅನ್ನೋದು ನಮ್ಮ ವಾದ. ಯಾಕಂದ್ರೆ ಇದೂ ವಿನ್ಯಾಸವೇ. ಫೋನ್ ಮೆನುವಿನಲ್ಲಿ 3 ಒತ್ತಿದ್ರೆ ಕನ್ನಡ ಅಂತ ಇಡದೇ ಇರೋದು ಮಳೆ ಗಾಳಿ ಥರ ತಾನಾಗೇ ಆಗಿದ್ದಲ್ಲ, ಯಾರೋ ಕೂತು ತಗೊಂಡ ತೀರ್ಮಾನ. ಇನ್ನೆರಡು ವರ್ಷಕ್ಕೆ ಪ್ಲೇಸ್‌ಮೆಂಟ್ ಆದ್ರೆ ಆ ಚಾಟ್‌ಬಾಟ್, ಆ ಮೆನು, ಟಿಕೆಟ್ ತಾನಾಗೇ ಕ್ಲೋಸ್ ಆಗೋ ಆ ಕೋಡ್ ಬರೆಯೋರು ನಾವೇ. ಅವತ್ತು ಮೀಟಿಂಗಲ್ಲಿ 'ಕನ್ನಡದವರು ಏನು ಒತ್ತಬೇಕು?' ಅಂತ ಕೇಳೋ ಒಬ್ಬರಾದ್ರೂ ಇರಬೇಕು.

ಅಲ್ಲೀ ತನಕ ಕಾಯೋದು ಬೇಡ ಅಂತ ಆಂಟಿ ದೂರನ್ನ ನಾವೇ ಬರೆಯೋಕೆ ಕೂತ್ವಿ. ಇಂಗ್ಲಿಷ್‌ನಲ್ಲಿ ಹತ್ತು ನಿಮಿಷದಲ್ಲಿ ರೆಡಿ ಆಯ್ತು. ಆಂಟಿ ಮುಂದೆ ಇಟ್ಟರೆ ಅವರು ಪೆನ್ನು ಮುಟ್ಟಲಿಲ್ಲ. 'ಓದಕ್ಕೆ ಬರದೇ ಇರೋದಕ್ಕೆ ಸೈನ್ ಹಾಕಲ್ಲಪ್ಪಾ. ಒಂದ್ಸಲ ಹಾಗೆ ಒತ್ತಿ ಒತ್ತಿ ಆಗಿದ್ದು ಸಾಕು. ಕನ್ನಡದಲ್ಲಿ ಬರ್ಕೊಂಡು ಬನ್ನಿ' ಅಂದ್ರು.

ಆ ಒಂದು ಪುಟಕ್ಕೆ ನಮಗೆ ಎರಡು ಸಂಜೆ ಹಿಡೀತು. ಡಿಫೆಕ್ಟ್‌ಗೆ ದೋಷ, ಡಿಫಿಶಿಯನ್ಸಿ ಇನ್ ಸರ್ವೀಸ್‌ಗೆ ಸೇವಾ ನ್ಯೂನತೆ, ಅನ್‌ಫೇರ್ ಟ್ರೇಡ್ ಪ್ರಾಕ್ಟೀಸ್‌ಗೆ ಅನುಚಿತ ವ್ಯಾಪಾರ ಪದ್ಧತಿ. ಈ ಪದಗಳೆಲ್ಲ ಮೊದಲೇ ಇದ್ವು, ನಮಗೆ ಪರಿಚಯ ಇರಲಿಲ್ಲ ಅಷ್ಟೇ. ತಗೊಂಡ ತಾರೀಕು, ಕೊಟ್ಟ ದುಡ್ಡು, ಏನು ಕೆಟ್ಟಿತು, ಯಾವತ್ತು ಫೋನ್ ಮಾಡಿದ್ದು, ಏನು ಪರಿಹಾರ ಬೇಕು, ಎಲ್ಲ ಬರೆದು ತಗೊಂಡು ಹೋದ್ವಿ. ಆಂಟಿ ಕನ್ನಡಕ ಹಾಕ್ಕೊಂಡು ನಿಧಾನವಾಗಿ ಓದಿ, ನಾಲ್ಕು ಒತ್ತಕ್ಷರ ತಿದ್ದಿದ್ರು. ಆಮೇಲೆ ಒಂದು ಕಡೆ ಬೆರಳಿಟ್ಟು 'ಇದು ಸುಳ್ಳು' ಅಂದ್ರು. ನಾವು 'ಮಷೀನ್ ಮೊದಲ ದಿನದಿಂದಲೂ ಸರಿ ಇರಲಿಲ್ಲ' ಅಂತ ಜೋರಾಗಿರಲಿ ಅಂತ ಬರೆದಿದ್ವಿ. 'ಮೂರು ವಾರ ಚೆನ್ನಾಗೇ ಓಡ್ತು. ಆಗಿದ್ದು ಆದಂಗೆ ಬರೀರಿ' ಅಂದ್ರು. ಇಂಗ್ಲಿಷ್‌ನಲ್ಲೇ ಇದ್ದಿದ್ರೆ ಆ ಸುಳ್ಳು ಅವರ ಸಹಿಯ ಮೇಲೇ ಇರ್ತಿತ್ತು. ಅವರ ಪರವಾಗಿ ಮಾತಾಡ್ತೀವಿ ಅಂತ ಹೊರಟ ನಾವೂ ಕಸ್ಟಮರ್ ಕೇರ್‌ನವರು ಮಾಡಿದ್ದನ್ನೇ ಮಾಡ್ತಿದ್ವಿ.

ಆ ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ಕಂಪನಿಗೆ ಹೋಯ್ತು. 1915ಕ್ಕೆ ಆಂಟಿಯೇ ಕನ್ನಡದಲ್ಲಿ ಮಾತಾಡಿ ದೂರು ದಾಖಲಿಸಿದ್ರು. ಸಹಾಯವಾಣಿ ಆದೇಶ ಮಾಡಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತೆ ಅಷ್ಟೇ. ಆದರೂ ಒಂಬತ್ತನೇ ದಿನ ಕಂಪನಿಯಿಂದ ಫೋನ್ ಬಂತು, ಚೆಂದದ ಕನ್ನಡದಲ್ಲಿ! ಮೋಟಾರ್ ಬದಲಾಯಿಸಿ ಕೊಡ್ತೀವಿ ಅಂದ್ರು. 'ಮೋಟಾರ್ ಸರಿ, ನನ್ನ ಸೀಸನ್ ಹೋಯ್ತಲ್ಲ, ಅದನ್ನ ಯಾರು ಕೊಡ್ತಾರೆ?' ಅಂತ ಆಂಟಿ ಕೇಳಿದ್ರು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬರದಿದ್ರೆ ಜಿಲ್ಲಾ ಆಯೋಗಕ್ಕೆ ಹೋಗೋದು ಅಂತ ಆಂಟಿ ತೀರ್ಮಾನ ಮಾಡಿದ್ದಾರೆ. ಫೈಲು ರೆಡಿ ಇದೆ. ಗೆಲ್ತಾರೋ ಇಲ್ವೋ ನಮಗೆ ಗೊತ್ತಿಲ್ಲ. ಗ್ರಹಚಾರ ಅನ್ನೋ ಮಾತು ಮಾತ್ರ ಅವರ ಬಾಯಲ್ಲಿ ಈಗ ಬರ್ತಿಲ್ಲ.

ನಮ್ಮ ಕನ್ನಡ ಸಂಘ ರಾಜ್ಯೋತ್ಸವ ಜೋರಾಗಿ ಮಾಡುತ್ತೆ. ಬಾವುಟ, ಡೊಳ್ಳು, ಹಾಡು ಎಲ್ಲ ಬೇಕು, ನಾವೂ ಮುಂದೆ ನಿಂತು ಕುಣಿದಿದ್ದೀವಿ. ಅದರ ಜೊತೆಗೆ ಒಂದು ಸಣ್ಣ ಕೆಲಸ ಸೇರಿಸೋಣ ಅಂತ ಕೇಳ್ಕೊತೀವಿ. ತಿಂಗಳಿಗೊಂದು ಶನಿವಾರ, ಸಂಘದ ರೂಮಲ್ಲಿ ಒಂದು ಟೇಬಲ್, ಎರಡು ಲ್ಯಾಪ್‌ಟಾಪ್. ಹಾಸ್ಟೆಲ್ ಮೆಸ್‌ನ ಅಕ್ಕಂದಿರು, ಸೆಕ್ಯೂರಿಟಿ ಅಣ್ಣಂದಿರು, ನಿಮ್ಮ ಪಿಜಿ ಆಂಟಿ, ಊರಲ್ಲಿರೋ ನಿಮ್ಮ ಅಜ್ಜಿ, ಯಾರದೇ ಬಿಲ್ ಇರಲಿ ತನ್ನಿ. ಅವರು ಹೇಳಿದಂಗೆ, ಅವರಿಗೆ ಓದೋಕೆ ಬರೋ ಕನ್ನಡದಲ್ಲಿ ದೂರು ಬರೆದುಕೊಡೋಣ. ಒಪ್ಪೋರು ಸಂಘದ ಗ್ರೂಪಿನಲ್ಲಿ ಒಂದು ಮಾತು ಹಾಕಿ. ತಿದ್ದೋಕೆ ಆಂಟಿಯನ್ನೂ ಕರೀತೀವಿ. ಬರ್ತೀನಿ ಅಂದಿದ್ದಾರೆ, ಆದರೆ ಮದುವೆ ಸೀಸನ್ ಬಿಟ್ಟು.